ನದಿ ದಾಟದವರ ತೀರ್ಪು

ಹಿರಿಯೂರಿನಲ್ಲಿ ಪಂಚಾಕ್ಷರಪ್ಪನವರ ಮೊಬೈಲ್ ರಿಪೇರಿ ಅಂಗಡಿ ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಅಲ್ಲಿ ಎರಡು ಕುರ್ಚಿಗಳಿವೆ. ಬಾಗಿಲ ಬಳಿಯದು ಯಜಮಾನರದು. ಒಳಗೆ, ಭೂತಗನ್ನಡಿ ಸಿಕ್ಕಿಸಿದ ದೀಪದ ಕೆಳಗಿನದು ಮೋನಿಕಾಳದು. ಬೇರೆ ಅಂಗಡಿಗಳಲ್ಲಿ "ಇದರ ಬೋರ್ಡು ಹೋಗೈತೆ, ಹೊಸದು ತಗಳ್ರಿ" ಅನ್ನಿಸಿಕೊಂಡು ಬಂದ ಫೋನುಗಳೆಲ್ಲ ಕೊನೆಗೆ ಆ ಎರಡನೇ ಕುರ್ಚಿಯ ಮುಂದೆ ಬಂದು ಬೀಳುತ್ತವೆ. ಹತ್ತರಲ್ಲಿ ಏಳು ಎದ್ದು ಕೂರುತ್ತವೆ. ಉಳಿದ ಮೂರರ ಬಗ್ಗೆ ಅವಳು ಸುತ್ತಿ ಬಳಸಿ ಮಾತಾಡುವುದಿಲ್ಲ. "ಇದು ಸತ್ತೈತೆ ಕಣಣ್ಣ, ಸುಮ್ಮನೆ ಅಲೀಬ್ಯಾಡ" ಅಂತ ಕೈಗೆ ಕೊಟ್ಟುಬಿಡುತ್ತಾಳೆ.

ಮೋನಿಕಾ ಯಲ್ಲದಕೆರೆ ಹತ್ತಿರದ ಒಂದು ಹಟ್ಟಿಯ ಕುರಿಗಾರರ ಮನೆಯವಳು. ತಂದೆ ಕರಿಸಿದ್ದಪ್ಪ, ತಾಯಿ ಈರಕ್ಕ. ಹೆರಿಗೆ ಮಾಡಿಸಿದ ನರ್ಸಮ್ಮ ತನಗಿಷ್ಟವಾದ ಹೆಸರನ್ನು ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದಳಂತೆ. ಚೀಟಿಯಲ್ಲಿದ್ದದ್ದೇ ಶಾಲೆಗೂ ಹೋಯಿತು. ಮನೆಯಲ್ಲಿ ಈರಕ್ಕ ಅದನ್ನು "ಮೋನಕ್ಕಿ" ಮಾಡಿಕೊಂಡಳು, ಅಷ್ಟೆ. ಬೇಸಿಗೆ ರಜೆ ಶುರುವಾಯಿತೆಂದರೆ ಹುಡುಗಿ ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ ಅಪ್ಪ ಅವ್ವನ ಜೊತೆ ಹಿಂಡಿನ ಹಿಂದೆ ಹೊರಡುತ್ತಿದ್ದಳು. ಹೊಸದುರ್ಗ ಸೀಮೆಯ ತೋಟಗಳು, ಅಲ್ಲಿಂದ ಹೊಳಲ್ಕೆರೆ ಕಡೆ, ಬಿ.ದುರ್ಗದವರೆಗೂ ಒಂದೊಂದು ಹೊಲದಲ್ಲಿ ಎರಡೆರಡು ದಿನ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸುತ್ತ ನಡೆಯುವುದು. ಇನ್ನೂರೈವತ್ತು ಕುರಿ, ಎರಡು ನಾಯಿ, ಒಂದು ಕತ್ತೆ, ನಾಲ್ಕು ಕಂಬಳಿ. ಹತ್ತನೇ ಕ್ಲಾಸು ಮುಗಿದ ವರ್ಷ ಅವಳು ಅಪ್ಪನ ಮುಂದೆ ನಿಂತು, "ಇನ್ನ ನಾನು ಕುರಿ ಹಿಂದೆ ಬರಾಕಿಲ್ಲ, ಐಟಿಐ ಸೇರ್ತೀನಿ" ಅಂದಳು. ಕರಿಸಿದ್ದಪ್ಪ ಮಗಳ ಮುಖ ನೋಡಿ, "ಸೇರು" ಅಂದ. ಅಲ್ಲಿಗೆ ಅದು ಮುಗಿಯಿತು. ಹಿರಿಯೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವಾಗ ಯಾರಾದರೂ ಮನೆ ಕಸುಬು ಕೇಳಿದರೆ ಅವಳು "ವ್ಯವಸಾಯ" ಅನ್ನುತ್ತಿದ್ದಳು. ಸುಳ್ಳೇನೂ ಅಲ್ಲ, ಮೂರೆಕರೆ ರಾಗಿ ಹೊಲ ಇತ್ತು. ಆದರೆ ಕುರಿ ಅನ್ನುವ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ.

ಆಟದ ಹುಚ್ಚು ಹಿಡಿದದ್ದು ಕೆಲಸದಿಂದಲೇ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಗುರುರಾಜ್ ಅನ್ನುವವನದೊಂದು ಗೇಮ್ ಸೆಂಟರ್ ಇದೆ. ಆರು ಟಿವಿ, ಆರು ಮಿಷನ್, ಕಾಲೇಜು ಬಿಟ್ಟ ಮೇಲೆ ಕೂರಲು ಜಾಗ ಇರುವುದಿಲ್ಲ. ಅವನ ಮಿಷನ್‌ಗಳು ಬಿಸಿಯಾಗಿ ಕೈಕೊಟ್ಟರೆ ರಿಪೇರಿಗೆ ಪಂಚಾಕ್ಷರಪ್ಪನವರ ಅಂಗಡಿಗೇ ಬರುತ್ತಿದ್ದವು. ಒಮ್ಮೆ ಅಂಥದ್ದೊಂದನ್ನು ಬಿಚ್ಚಿ, ಫ್ಯಾನು ತೊಳೆದು, ಶಾಖ ಇಳಿಸುವ ಹೊಸ ಪೇಸ್ಟು ಹಚ್ಚಿ ಮುಚ್ಚಿದಳು. ಬಿಸಿ ನಿಂತಿದೆಯೋ ಇಲ್ಲವೋ ನೋಡಬೇಕಾದರೆ ಅರ್ಧ ತಾಸಾದರೂ ಆಟ ಓಡಿಸಬೇಕು. ಒಳಗೆ ಒಂದು ಡಿಸ್ಕು ಉಳಿದಿತ್ತು. ಅದರ ಹೆಸರು 'ವರೆನ್'.

ವರೆನ್ ಎಂಬವನು ಒಬ್ಬ ಸಿಪಾಯಿ. ಕೈಯಲ್ಲೊಂದು ಕತ್ತಿ, ಸೊಂಟಕ್ಕೊಂದು ಹಗ್ಗ. ಕೋಟೆಯಿಂದ ಕೋಟೆಗೆ ಹಗ್ಗ ಎಸೆದು ಜಿಗಿಯಬೇಕು, ಕೆಳಗೆ ಬಂದವರನ್ನು ಕಡಿಯಬೇಕು, ಗಾಳಿಯಲ್ಲಿರುವಾಗಲೇ ಮುಂದಿನ ಹಗ್ಗಕ್ಕೆ ಗುರಿ ಹಿಡಿಯಬೇಕು. ಹಗ್ಗದ ಲೆಕ್ಕ ಕೈಗೆ ಹತ್ತುವ ತನಕ ಬಿದ್ದು ಬಿದ್ದು ಸಾಯುವುದೇ ಆಗುತ್ತದೆ. ಹತ್ತಿದ ಮೇಲೆ ನೆಲ ಮುಟ್ಟುವ ಮನಸ್ಸೇ ಆಗುವುದಿಲ್ಲ. ಅರ್ಧ ತಾಸಿಗೆ ಕೂತ ಮೋನಿಕಾ ನಾಲ್ಕು ದಿನ ಮಧ್ಯಾಹ್ನದ ಬುತ್ತಿಯನ್ನು ಒಂದು ಕೈಯಲ್ಲಿ ಉಂಡಳು. ಐದನೇ ದಿನ ಮಿಷನ್ ಚಿತ್ರದುರ್ಗಕ್ಕೆ ವಾಪಸ್ ಹೋಯಿತು. ಆರನೇ ದಿನ ಅಂಗಡಿಗೆ ಫೋನು ಬಂತು.

"ಯಾರ್ರೀ ನಮ್ಮ ಮಿಷನ್‌ನಾಗೆ ಆಡಿದ್ದು?" ಗುರುರಾಜ್ ಕೂಗಾಡುತ್ತಿದ್ದ.

ಪಂಚಾಕ್ಷರಪ್ಪ ಗಾಬರಿಯಾಗಿ ಫೋನನ್ನು ಮೋನಿಕಾಳಿಗೆ ಕೊಟ್ಟರು. "ನಾನೇ ಆಡಿದ್ದು. ಬಿಸಿ ನೋಡಾಕೆ. ಏನಾದ್ರೂ ಕೆಟ್ಟೈತೇನು?" ಅಂದಳು.

"ಕೆಟ್ಟಿಲ್ಲಮ್ಮ. ಏಳನೇ ಕೋಟೆ ಹದಿನೈದು ನಿಮಿಷಕ್ಕೆ ಮುಗಿದೈತೆ ಅಂತ ತೋರಿಸ್ತೈತೆ. ನಮ್ಮ ಸೆಂಟರ್‌ನಾಗೆ ಇಪ್ಪತ್ತೆರಡರ ಕೆಳಗೆ ಯಾರೂ ಇಳಿದಿಲ್ಲ. ನೀನು ಹೆಂಗೆ ಇಳಿದೆ?"

ಮುಂದಿನ ಭಾನುವಾರ ಅವಳು ದುರ್ಗಕ್ಕೆ ಹೋಗಿ ಮೂವತ್ತು ಜನರ ಮುಂದೆ ಆಡಿ ತೋರಿಸಿದಳು. ಅಲ್ಲಿಂದ ಗುರುರಾಜ್ ಅವಳಿಗೆ ಗುರಣ್ಣ ಆದ. ಯೂಟ್ಯೂಬ್ ಚಾನಲ್ ಮಾಡು ಅಂತ ಹಿಂದೆ ಬಿದ್ದವನೂ ಅವನೇ. ಚಾನಲ್ಲಿಗೆ ಅವಳು 'ಮೋನಿ ಆಡ್ತಾಳೆ' ಅಂತ ಹೆಸರಿಟ್ಟಳು. ಇಂಗ್ಲಿಷು ಬೆರೆಸಿ ಗಂಟಲು ಹರಿದುಕೊಳ್ಳುವವರ ನಡುವೆ ಈ ಹುಡುಗಿ ಹಿರಿಯೂರಿನ ಕನ್ನಡದಲ್ಲಿ, ಫೋನು ರಿಪೇರಿ ವಿವರಿಸುವ ಹಾಗೆ ತಣ್ಣಗೆ, "ಇಲ್ಲಿ ಹಗ್ಗ ಬಿಡಬ್ಯಾಡ್ರಿ, ಒಂದು ಉಸಿರು ತಡೀರಿ" ಅನ್ನುತ್ತಿದ್ದಳು. ಐದು ವರ್ಷದಲ್ಲಿ ನಲವತ್ತು ಸಾವಿರ ಜನ ಸೇರಿಕೊಂಡರು. ಅವಳು ಚೆನ್ನಾಗಿದೆ ಎಂದ ಆಟವನ್ನು ಕೊಳ್ಳುತ್ತಿದ್ದರು, ಬೇಡ ಎಂದದ್ದನ್ನು ಬಿಡುತ್ತಿದ್ದರು.

ಹೋದ ವರ್ಷ 'ವರೆನ್ 2' ಬಂತು. ಮೊದಲನೆಯದು ಬಂದು ಏಳು ವರ್ಷವಾಗಿತ್ತು. ಜಾಹೀರಾತಿನಲ್ಲಿ ವರೆನ್ ಬೆಟ್ಟದ ತುದಿಯಲ್ಲಿ ಕತ್ತಿ ಹಿರಿದು ನಿಂತಿದ್ದ. ಗುರುರಾಜ್ ಸೆಂಟರಿನ ದೊಡ್ಡ ಟಿವಿ ಮುಂದೆ ಜಮಖಾನ ಹಾಸಿ, ಮಂಡಕ್ಕಿ ಮೆಣಸಿನಕಾಯಿ ತರಿಸಿ, ಹಳೇ ಹುಲಿಗಳನ್ನೆಲ್ಲ ಕರೆದ. ಮೊದಲ ಆಟಕ್ಕೆ ಯಾರು ಕೂರಬೇಕು ಅನ್ನುವ ಬಗ್ಗೆ ಎರಡು ಮಾತಿರಲಿಲ್ಲ. ಮೋನಿಕಾ ಕೂತಳು.

ಶುರುವಿನಲ್ಲೇ ಯುದ್ಧ ಮುಗಿದುಹೋಗಿತ್ತು. ವರೆನ್‌ಗೆ ತಲೆ ನರೆತಿತ್ತು. ಕತ್ತಿ ಒಂದು ಮನೆಯ ಗೋಡೆಯ ಮೇಲಿತ್ತು, ತೆಗೆಯಲು ಹೋದರೆ ಬರುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ಒಂದು ಕೋಲು. ಸುಟ್ಟುಹೋದ ಊರೊಂದಕ್ಕೆ, ಬೆಟ್ಟಗಳ ಆಚೆಗೆ, ಮುನ್ನೂರು ಕುರಿಗಳನ್ನು ಹೊಡೆದುಕೊಂಡು ಹೋಗಿ ಮುಟ್ಟಿಸಬೇಕು. ಅದೇ ಆಟ. ಇಪ್ಪತ್ತು ನಿಮಿಷ ಜನ ತಾಳಿಕೊಂಡರು, ಎಲ್ಲೋ ಒಂದು ಕಡೆ ಶತ್ರು ಬರುತ್ತಾನೆ ಅಂತ. ಬಂದದ್ದು ಮಂಜು. ನಲವತ್ತನೇ ನಿಮಿಷಕ್ಕೆ ಕುರಿಗಳು ದಿಕ್ಕಾಪಾಲಾದವು. ಒಂದು ತಾಸಿಗೆ ನದಿ ಬಂತು, ಕುರಿಗಳು ದಡದಲ್ಲಿ ನಿಂತುಬಿಟ್ಟವು. ಎಷ್ಟು ಕೋಲು ಬೀಸಿದರೂ ಒಂದೂ ಕಾಲು ಮುಂದಿಡಲಿಲ್ಲ.

"ಲೇ, ಏಳು ವರ್ಷ ಕಾದಿದ್ದು ಕುರಿ ಕಾಯಾಕಾ?" ಗುರುರಾಜ್ ತಲೆಮೇಲೆ ಕೈ ಹೊತ್ತ. ಕೋಣೆಯೆಲ್ಲ ನಕ್ಕಿತು. ಮೋನಿಕಾಳೂ ನಕ್ಕಳು.

ಸಂಜೆ ಬಸ್ಸಿನಲ್ಲಿ ಹಿರಿಯೂರಿಗೆ ಬಂದವಳೇ ಕೋಣೆಯಲ್ಲಿ ಕೂತು ವಿಡಿಯೊ ಮಾಡಿದಳು. ಎರಡು ತಾಸು ಆಡಿದ್ದಳು, ಹನ್ನೆರಡು ನಿಮಿಷ ಬೈದಳು. 'ವರೆನ್ ಸತ್ತ' ಅಂತ ಹೆಸರು ಕೊಟ್ಟಳು. ಚಾನಲ್ ಹುಟ್ಟಿದಾಗಿನಿಂದ ಯಾವುದನ್ನೂ ಜನ ಅಷ್ಟು ನೋಡಿರಲಿಲ್ಲ. ಎರಡು ದಿನ ಫೋನು ಕೆಳಗಿಡಲು ಆಗಲಿಲ್ಲ, ಹೊಗಳಿಕೆಯೋ ಹೊಗಳಿಕೆ. ಮೂರನೇ ದಿನ ಊಟದ ಹೊತ್ತಿಗೆ ಕಾಮೆಂಟು ಓದುತ್ತ ಕೂತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು: 'ಕುರಿ ಕಾಯೋ ಜಾತಿಯೋರು ಮಾಡಿರಬೇಕು ಈ ಆಟಾನ, ವಾಸನೆ ಬರ್ತೈತೆ.' ಅದಕ್ಕೆ ನಾನೂರು ಜನ ಲೈಕ್ ಒತ್ತಿದ್ದರು.

ಮೋನಿಕಾ ಡಬ್ಬಿ ಮುಚ್ಚಿದಳು. ಬರೆದವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಆ ಮಾತಿಗೆ ದಾರಿ ಮಾಡಿಕೊಟ್ಟವಳು ತಾನೇ ಅಂತ ಅನ್ನಿಸಿತು. ಗುರಣ್ಣನ ಸೆಂಟರಿನಲ್ಲಿ ನಕ್ಕವರ ಪೈಕಿ ಕುರಿ ಕಾಯ್ದವಳು ಅವಳೊಬ್ಬಳೇ. ಆ ಕಾಮೆಂಟನ್ನು ತೆಗೆದುಹಾಕಿದಳು. ಆದರೆ ಆಟದ ಬಗ್ಗೆ ಅವಳ ಅಭಿಪ್ರಾಯ ಬದಲಾಗಲಿಲ್ಲ. ಒಬ್ಬ ಕೆಟ್ಟ ಮಾತಾಡಿದ ಅಂತ ಆಟ ಒಳ್ಳೆಯದಾಗುವುದಿಲ್ಲವಲ್ಲ. ಭಾನುವಾರ ಊರಿಗೆ ಹೊರಟಾಗ ತಾನು ಕೊಂಡಿದ್ದ ಮಿಷನ್ನನ್ನೂ ಬ್ಯಾಗಿಗೆ ಹಾಕಿಕೊಂಡಳು. ನದಿ ದಡದ ಆ ಪಜೀತಿಯನ್ನು ಇನ್ನಷ್ಟು ರೆಕಾರ್ಡ್ ಮಾಡಿ ಎರಡನೇ ವಿಡಿಯೊ ಬಿಡುವ ಯೋಚನೆ ಇತ್ತು.

ಹಟ್ಟಿಯ ಮನೆಯ ಟಿವಿಗೆ ಹಚ್ಚಿ ಕೂತಳು. ಈರಕ್ಕ ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಮಗಳ ಆಟಗಳನ್ನು ಆಕೆ ಎಂದೂ ತಿರುಗಿ ನೋಡಿದವಳಲ್ಲ. ಕತ್ತಿ, ರಕ್ತ, ಹಾರಾಟ, ಅದರಲ್ಲಿ ಆಕೆಗೆ ನೋಡುವಂಥದ್ದೇನೂ ಇರಲಿಲ್ಲ. ಆದರೆ ಈ ದಿನ ಟಿವಿಯಿಂದ ಕುರಿಯ ಕೂಗು ಬಂತು. ಕೈ ನಿಂತಿತು.

"ಯಾವೂರ ಕುರಿ ಇವು? ಉಣ್ಣೆ ಇಷ್ಟುದ್ದ ಐತೆ."

"ಯಾವೂರವೂ ಅಲ್ಲವ್ವ, ಆಟದ್ದು."

ಮೋನಿಕಾ ಹಿಂಡಿನ ಹಿಂದೆ ನಿಂತು ಕೋಲು ಬೀಸುತ್ತಿದ್ದಳು. ಕುರಿಗಳು ನೀರಿನ ಅಂಚಿಗೆ ಹೋಗುವುದು, ಹಿಂದೆ ಸರಿಯುವುದು. ಈರಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಅಲ್ಲಲೇ, ಹಿಂದಿಂದ ಬಡಿದ್ರೆ ನೀರಿಗಿಳೀತಾವೇನೆ? ಎಲ್ಲಾ ಮರ್ತುಬಿಟ್ಟೀಯಾ? ಮುಂದೆ ಹೋಗು. ಒಂದು ಟಗರು ಹಿಡ್ಕಂಡು ನೀನು ಮೊದ್ಲು ಇಳಿ."

"ಆಟದಾಗೆ ಹಂಗೆಲ್ಲ ಇರಲ್ಲವ್ವ."

"ಮಾಡಿ ನೋಡೀಯಾ?"

ಮಾಡಿ ನೋಡಿರಲಿಲ್ಲ. ವರೆನ್‌ನನ್ನು ಹಿಂಡಿನ ಮುಂದಕ್ಕೆ ನಡೆಸಿದಳು. "ಯಾವುದು ಹಿಡೀಲಿ?" ಅಂದಳು, ಕೇಳುವ ದನಿ ತನಗೇ ಗೊತ್ತಿಲ್ಲದೆ ಹನ್ನೆರಡು ವರ್ಷದ ಹುಡುಗಿಯದಾಗಿತ್ತು. ಈರಕ್ಕ ಅವರೆಕಾಯಿ ಹಿಡಿದ ಕೈಯಲ್ಲೇ ತೋರಿಸಿದಳು. "ಆ ಮುರುಕು ಕೊಂಬಿಂದು. ಆಗ್ಲಿಂದ ನೋಡ್ತಿದೀನಿ, ಅದು ತಿರುಗಿದ ಕಡೇಗೇ ಎಲ್ಲಾ ತಿರುಗ್ತಾವೆ."

ಮುರುಕು ಕೊಂಬಿನದರ ಹತ್ತಿರ ಹೋಗಿ ಗುಂಡಿ ಒತ್ತಿದಳು. ವರೆನ್ ಬಗ್ಗಿ ಅದರ ಕೊರಳು ತಬ್ಬಿದ. ಹೀಗೂ ಮಾಡಬಹುದು ಅಂತ ಆಟ ಎಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ನೀರಿಗಿಳಿದಳು. ಸೊಂಟದವರೆಗೆ ನೀರು ಬಂತು. ಹಿಂದಿನಿಂದ ಒಂದು, ಎರಡು, ಹತ್ತು, ಆಮೇಲೆ ಇಡೀ ಹಿಂಡು ಧುಮುಕಿತು. ನದಿಯ ತುಂಬ ಬರೀ ತಲೆಗಳು. ಆಚೆ ದಡದಲ್ಲಿ ಕುರಿಗಳು ಮೈ ಕೊಡವಿದ ಸದ್ದಿಗೆ ಈರಕ್ಕ ಜೋರಾಗಿ ನಕ್ಕಳು. ಮೋನಿಕಾಳ ಕೈ ಬೆವರಿತ್ತು. ಮೊದಲ ಸಲ ಹಗ್ಗದ ಲೆಕ್ಕ ಸಿಕ್ಕ ದಿನವೂ ಕೈ ಹೀಗೇ ಬೆವರಿತ್ತು.

ಆಗ ಅವಳಿಗೆ ಸಂಗತಿ ಹೊಳೆಯಿತು. ಹಳೆಯ ಆಟದ ಜೀವವೆಲ್ಲ ಹಗ್ಗದಲ್ಲಿತ್ತು. ಆಟ ಮಾಡಿದವರು ಅದನ್ನು ಕಲಿಸದೆ, ಬಿದ್ದು ಬಿದ್ದು ಕಲಿಯಲಿ ಅಂತ ಬಿಟ್ಟಿದ್ದರು. ಇದರಲ್ಲಿ ಅದೇ ಜೀವವನ್ನು ಹಿಂಡಿನೊಳಗೆ ಇಟ್ಟಿದ್ದಾರೆ. ತಾನು ಹಗ್ಗ ಹುಡುಕುತ್ತ ಹಿಂಡನ್ನು ನೋಡಲೇ ಇಲ್ಲ.

ಹೊಲದಿಂದ ಬಂದ ಕರಿಸಿದ್ದಪ್ಪನೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂತ. "ಎಷ್ಟು ಅವೆ?"

"ಮುನ್ನೂರು."

"ಮುನ್ನೂರಕ್ಕೆ ಇವನೊಬ್ನೇನಾ? ನಾಯಿ ಎಲ್ಲೈತೆ?"

"ನಾಯಿ ಇಲ್ಲಪ್ಪ."

"ಹಂಗಾದ್ರೆ ಇದನ್ನ ಮಾಡಿದೋನಿಗೆ ಪೂರ್ತಿ ಗೊತ್ತಿಲ್ಲ," ಅಂತ ಕರಿಸಿದ್ದಪ್ಪ ತೀರ್ಮಾನ ಕೊಟ್ಟು ಕೈಕಾಲು ತೊಳೆಯಲು ಎದ್ದ. ಮೋನಿಕಾ ಅದನ್ನೂ ಬರೆದಿಟ್ಟುಕೊಂಡಳು.

ಮುಂದಿನ ಹನ್ನೊಂದು ದಿನ ಅಂಗಡಿ ಮುಚ್ಚಿದ ಮೇಲೆ ಎರಡೆರಡು ತಾಸು ಆಡಿ ಪೂರ್ತಿ ಮುಗಿಸಿದಳು. ಬೆಟ್ಟದ ಕಣಿವೆಯ ಭಾಗ ಎಷ್ಟು ಚೆನ್ನಾಗಿತ್ತೆಂದರೆ ಎರಡು ಸಲ ಆಡಿದಳು. ಮೋಡ ನೋಡಿ ತಂಗುವ ಜಾಗ ಆರಿಸುವುದು, ಕುಂಟುವ ಮರಿಗಾಗಿ ಹಿಂಡು ನಿಲ್ಲಿಸುವುದೋ ಬಿಡುವುದೋ ಅಂತ ಒದ್ದಾಡುವುದು, ಎಲ್ಲ ಸಾಚಾ ಇತ್ತು. ಕೊನೆಯ ಭಾಗ ಮಾತ್ರ ಕೆಟ್ಟಿತ್ತು. ಏಕಾಏಕಿ ಕತ್ತಿ ಕೈಗೆ ಬರುತ್ತದೆ, ಎಲ್ಲಿಂದಲೋ ಕಳ್ಳರು ಬರುತ್ತಾರೆ, ಅರ್ಧ ತಾಸು ಕಡಿದಾಟ. ಕುರಿಗಳು ಮೂಲೆಯಲ್ಲಿ ಗೊಂಬೆಗಳಂತೆ ನಿಂತಿರುತ್ತವೆ. ಹಳೇ ಅಭಿಮಾನಿಗಳಿಗೆ ಬೇಜಾರಾಗಬಾರದು ಅಂತ ಯಾರೋ ತಂದು ಅಂಟಿಸಿದ ಹಾಗಿತ್ತು.

ಎರಡನೇ ವಿಡಿಯೊ ಮಾಡಲು ಕೂತಾಗ ಅವಳು ಕಾಗದ ಇಟ್ಟುಕೊಳ್ಳಲಿಲ್ಲ. "ಎರಡು ತಾಸು ಆಡಿ ಹನ್ನೆರಡು ನಿಮಿಷ ಬೈದಿದ್ದೆ. ಅದು ತಪ್ಪು," ಅಂತ ಶುರುಮಾಡಿದಳು. "ನಾನು ಕುರಿಗಾರರ ಮನೆ ಹುಡುಗಿ. ನದಿ ಹೆಂಗೆ ದಾಟಿಸಬೇಕು ಅಂತ ನನಗೆ ಹನ್ನೆರಡು ವರ್ಷಕ್ಕೇ ಗೊತ್ತಿತ್ತು. ಹಳೇ ಆಟ ತಲೆಯಾಗೆ ಕುಂತಿದ್ದಕ್ಕೆ ಮರೆತೆ. ನೀವೂ ಅಷ್ಟೆ. ಈ ಆಟ ಕೆಟ್ಟಿರೋದು ಎಲ್ಲಿ ಅಂದ್ರೆ ಕೊನೇ ಭಾಗದಾಗೆ. ಅಲ್ಲಿ ಅವರು ನಮಗೆ ಹೆದರಿ ಹಳೇದಕ್ಕೆ ವಾಪಸ್ ಹೋಗ್ಯಾರೆ. ಮತ್ತೆ, ಮುನ್ನೂರು ಕುರಿಗೆ ನಾಯಿ ಇಲ್ಲ. ಇದು ನಮ್ಮಪ್ಪ ಹಿಡಿದ ತಪ್ಪು." ಹಳೆಯ ವಿಡಿಯೊವನ್ನು ತೆಗೆಯಲಿಲ್ಲ. ಅದರ ಮೇಲೆ 'ಇದು ಎರಡು ತಾಸಿನ ಮಾತು, ಪೂರ್ತಿ ಮಾತು ಇನ್ನೊಂದರಲ್ಲಿದೆ' ಅಂತ ಬರೆದಳು.

ಹೊಗಳಿದ್ದ ಬಾಯಿಗಳೇ ತಿರುಗಿಬಿದ್ದವು. ಕಂಪನಿಯವರು ಏನೋ ಕೊಟ್ಟಿರಬೇಕು ಅಂದರು. ಜಾತಿ ಅಭಿಮಾನಕ್ಕೆ ಹೊಗಳುತ್ತಿದ್ದಾಳೆ ಅಂದರು. ಒಂದು ವಾರದಲ್ಲಿ ಆರು ಸಾವಿರ ಜನ ಚಾನಲ್ ಬಿಟ್ಟರು. ಪಂಚಾಕ್ಷರಪ್ಪನವರಿಗೆ ಆಟ ತಿಳಿಯದು, ಆದರೆ ಗಿರಾಕಿ ತಿಳಿಯುತ್ತದೆ. "ಒಂದು ಸಲ ಹೇಳಿದ ಮಾತು ಬದಲಿಸಬಾರ್ದಿತ್ತೇನೋ ಮೋನಿಕಾ. ಜನಕ್ಕೆ ನಂಬಿಕೆ ಹೋಗ್ತೈತೆ," ಅಂದರು ಮೆಲ್ಲಗೆ.

"ಯಜಮಾನ್ರೆ, ಬೋರ್ಡು ಹೋಗೈತೆ ಅಂತ ಕಳಿಸಿದ ಫೋನು ಆಮೇಲೆ ನೋಡಿದ್ರೆ ಬರೀ ಕನೆಕ್ಟರ್ ಸಡಿಲ ಆಗಿತ್ತು ಅಂತ ಗೊತ್ತಾದ್ರೆ, ಗಿರಾಕಿನ ಕರೆದು ಹೇಳ್ತೀವೋ ಸುಮ್ಮನಿರ್ತೀವೋ?"

ಪಂಚಾಕ್ಷರಪ್ಪ ಬಾಗಿಲಾಚೆಗೆ ತಲೆ ಹಾಕಿ ಎರಡು ಚಹಾ ಹೇಳಿದರು.

ಗುರುರಾಜನ ಫೋನು ಬಂದದ್ದು ಮಾರನೇ ದಿನ. "ನಮ್ಮ ಸೆಂಟರ್‌ನಾಗೆ ಕುಂತು ನಮ್ಮ ಜೊತೆ ನಕ್ಕು, ಈಗ ನಮ್ಮನ್ನೇ ಪೆದ್ದರನ್ನ ಮಾಡ್ತೀಯಲ್ಲ?" ಅವನ ದನಿಯಲ್ಲಿ ನಿಜವಾದ ನೋವಿತ್ತು.

"ಫೋನ್‌ನಾಗೆ ಬ್ಯಾಡ ಗುರಣ್ಣ. ಭಾನುವಾರ ಬರ್ತೀನಿ. ಎಲ್ಲಾರ್ನೂ ಕರೀರಿ, ಎಲ್ಲಾರ ಮುಂದೇನೇ ಕೇಳ್ರಿ."

ಹೋದಳು. ಸೆಂಟರ್ ತುಂಬಿತ್ತು, ಬಾಗಿಲ ಹೊರಗೂ ನಿಂತಿದ್ದರು. "ಬಾರಮ್ಮ, ಕುಂತ್ಕೋ," ಅಂತ ಗುರುರಾಜ್ ಕುರ್ಚಿ ಎಳೆದ, ಮರ್ಯಾದೆಗೇನೂ ಕಮ್ಮಿ ಮಾಡಲಿಲ್ಲ. ಆಮೇಲೆ ಎದ್ದುನಿಂತು ತನ್ನ ವಾದ ಇಟ್ಟ. ಅವನು ಮೂರ್ಖನಲ್ಲ, ಅವನ ಮಾತಿನಲ್ಲಿ ಹುರುಳಿತ್ತು.

"ನೋಡು, ಒಂದು ಖಾನಾವಳಿ ಐತೆ. ಏಳು ವರ್ಷದ ಹಿಂದೆ ಅಲ್ಲಿ ರೊಟ್ಟಿ ಎಣ್ಣೆಗಾಯಿ ಉಂಡು ಜೀವಕ್ಕೆ ಹಿತ ಆಗಿತ್ತು. ಮತ್ತೆ ಬಾಗಿಲು ತೆಗೆದ್ರು, ಅದೇ ಬೋರ್ಡು, ಹೊರಗೆ ರೊಟ್ಟಿ ಚಿತ್ರ. ಒಳಗೆ ಹೋದ್ರೆ ಗಂಜಿ ತಂದಿಡ್ತಾರೆ. ಗಂಜಿ ಒಳ್ಳೇದೇ ಇರಬಹುದು. ನಾನು ಹಸಿದು ಬಂದಿದ್ದು ರೊಟ್ಟಿಗೆ. ಬೈದ್ರೆ ತಪ್ಪೇನು?"

"ಚಿತ್ರ ಹಾಕಿದ್ದು ತಪ್ಪು," ಅಂದಳು ಮೋನಿಕಾ. "ಕತ್ತಿ ತೋರಿಸಿ ಕೋಲು ಕೊಟ್ರು. ಅದಕ್ಕೆ ಬೈರಿ, ನಾನೂ ಸೇರಿ ಬೈತೀನಿ. ಆದ್ರೆ ಗುರಣ್ಣ, ನೀವು 'ರೊಟ್ಟಿ ಇಲ್ಲ' ಅಂತ ಹೇಳ್ಲಿಲ್ಲ. 'ಗಂಜಿ ಹಳಸೈತೆ' ಅಂದ್ರಿ. ರುಚಿ ನೋಡಿದ್ರಾ?"

ಅವಳು ಕೋಣೆಯತ್ತ ತಿರುಗಿದಳು.

"ನದಿ ದಾಟಿದೋರು ಎಷ್ಟು ಜನ ಇದೀರಿ? ಕೈ ಎತ್ರಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲವತ್ತು ಜನರಲ್ಲಿ ಎರಡು ಕೈ ಎದ್ದವು. ಒಂದು ಗೋಡೆಗೆ ಆತು ನಿಂತಿದ್ದ ಹುಡುಗಿಯದು. ತೇಜಸ್ವಿನಿ ಅಂತ, ಹೊಳಲ್ಕೆರೆಯಿಂದ ದುರ್ಗಕ್ಕೆ ಬಂದು ಹಾಸ್ಟೆಲಿನಲ್ಲಿದ್ದು ಎಂಎಸ್ಸಿ ಓದುತ್ತಿದ್ದವಳು.

"ಹೆಂಗಿತ್ತಮ್ಮ?" ಅಂತ ಮೋನಿಕಾ ಕೇಳಿದಳು.

"ನನಗೆ ಮೊದಲಿನದಕ್ಕಿಂತ ಇದೇ ಇಷ್ಟ ಆಯ್ತಕ್ಕ," ಅಂದಳು ತೇಜಸ್ವಿನಿ. "ಅವತ್ತೇ ಬರೀಬೇಕು ಅಂತಿದ್ದೆ. ನಿಮ್ಮ ಮೊದಲನೇ ವಿಡಿಯೊ ನೋಡಿ ಸುಮ್ಮನಾದೆ. ನನಗೇ ಆಟ ಗೊತ್ತಿಲ್ವೇನೋ ಅನ್ನಿಸ್ತು."

ಈ ಮಾತು ಮೋನಿಕಾಳಿಗೆ ನಾಟಿತು. ಚಾನಲ್ ಬಿಟ್ಟ ಆರು ಸಾವಿರ ಜನರಿಗಿಂತ ಈ ಒಬ್ಬಳು ಸುಮ್ಮನಾದದ್ದು ದೊಡ್ಡ ನಷ್ಟ ಅನ್ನಿಸಿತು. "ನನ್ನದು ತಪ್ಪಾಯ್ತು ಕಣಮ್ಮ," ಅಂತ ಅಷ್ಟು ಜನರ ಎದುರಿಗೇ ಹೇಳಿದಳು. ಹೇಳಿ, ಕಂಟ್ರೋಲರನ್ನು ಗುರುರಾಜನ ಕಡೆ ಚಾಚಿದಳು.

"ಆಡ್ರಿ ಗುರಣ್ಣ. ನಾನು ಒಂದಕ್ಷರ ಹೇಳಲ್ಲ."

ಗುರುರಾಜ್ ನದಿ ದಡದಿಂದ ಆಟ ಹಿಡಿದು ಕೂತ. ಮೊದಲ ಸಲ ಹಿಂಡನ್ನು ಹಿಂದಿನಿಂದ ಓಡಿಸಿದ, ನಿಂತುಬಿಟ್ಟವು. ಎರಡನೇ ಸಲ ಕಡಿದಾದ ಜಾಗದಲ್ಲಿ ನೂಕಿದ, ನಲವತ್ತು ಕುರಿ ಕೊಚ್ಚಿಹೋದವು. ಅವು ಹೋಗುವಾಗ ಆಟದಲ್ಲಿ ಸಂಗೀತ ಇರಲಿಲ್ಲ, ಬರೀ ನೀರಿನ ಸದ್ದು. ನಗಲು ಬಂದವರು ನಗಲಿಲ್ಲ. ಗುರುರಾಜ್ ಕಾಲರಿನ ಗುಂಡಿ ಬಿಚ್ಚಿ ಮತ್ತೆ ಮೊದಲಿನಿಂದ ಹಿಡಿದ. ಈಗ ಕೋಲು ಬೀಸುವುದು ಬಿಟ್ಟು ಸುಮ್ಮನೆ ನಿಂತು ನೋಡತೊಡಗಿದ. ಐದು ನಿಮಿಷ ಏನೂ ಮಾಡಲಿಲ್ಲ. ಹಿಂದಿನಿಂದ ಯಾರೋ ಏನೋ ಹೇಳಲು ಬಾಯಿ ತೆರೆದರು. ಅವನು ತಿರುಗದೆ "ಶ್" ಅಂದ.

"ಆ ಮುರುಕು ಕೊಂಬಿಂದು," ಅಂತ ತನಗೆ ತಾನೇ ಹೇಳಿಕೊಂಡ.

ಮೋನಿಕಾ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ. ಒಂದು ತಾಸು ಹತ್ತು ನಿಮಿಷಕ್ಕೆ ಗುರುರಾಜ್ ಮುನ್ನೂರರಲ್ಲಿ ಇನ್ನೂರ ತೊಂಬತ್ತೆಂಟು ಕುರಿ ದಾಟಿಸಿದ. ಸೆಂಟರಿನಲ್ಲಿ ಎದ್ದ ಕೂಗು ಹೊಳಲ್ಕೆರೆ ರಸ್ತೆಯ ಆಚೆ ಬದಿಗೂ ಕೇಳಿಸಿರಬೇಕು. ಅವನು ಕಂಟ್ರೋಲರ್ ಕೆಳಗಿಟ್ಟು ಮುಖ ಒರೆಸಿಕೊಂಡ.

"ನದಿ ಚೆನ್ನಾಗೈತೆ," ಅಂದ. "ಖರೇ ಹೇಳಬೇಕಂದ್ರೆ ಭಾಳ ಚೆನ್ನಾಗೈತೆ. ಆದ್ರೂ ಮೋನಿಕಾ, ನನಗೆ ಹಗ್ಗದ ಆಟಾನೇ ಇಷ್ಟ."

"ಇಷ್ಟಾನ ಬದಲಿಸ್ರಿ ಅಂತ ನಾನೆಲ್ಲಿ ಹೇಳ್ದೆ? ಬೈಯಾಕೆ ಮುಂಚೆ ನದಿ ದಾಟ್ರಿ ಅಂದೆ. ದಾಟಿದ್ರಿ. ಈಗ ಬೈರಿ, ಕುಂತು ಕೇಳ್ತೀನಿ."

ಅವನು ಬೈದ. ಮೊದಲ ಒಂದು ತಾಸು ಏನೂ ಕಲಿಸದೆ ಆಡುವವರನ್ನು ಸತಾಯಿಸುತ್ತದೆ ಅಂದ. ನಕಾಶೆ ಓದಲು ಬರುವುದಿಲ್ಲ ಅಂದ. ಎರಡೂ ನಿಜವಾಗಿದ್ದವು, ಮೋನಿಕಾ ಒಪ್ಪಿಕೊಂಡಳು. ಇನ್ನೊಬ್ಬ ಎದ್ದು, ಕುರಿಗಳ ಓಟದಲ್ಲಿ ಹಳೇ ಹಗ್ಗದ್ದೇ ಲಯ ಇದೆ ಅಂದ. ಅದನ್ನು ಮೋನಿಕಾಳೂ ಗಮನಿಸಿರಲಿಲ್ಲ. ಮಂಡಕ್ಕಿ ಬಂತು. ತೇಜಸ್ವಿನಿ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕಣಿವೆಯ ಭಾಗ ಹೇಗೆ ಆಡಬೇಕೆಂದು ತೋರಿಸತೊಡಗಿದಳು. ಸಂಜೆ ಐದರ ಬಸ್ಸು ತಪ್ಪಿತು. ಮೋನಿಕಾ ಆರರದು ಹಿಡಿದಳು.

ಬಿಟ್ಟುಹೋದ ಆರು ಸಾವಿರದಲ್ಲಿ ಅರ್ಧದಷ್ಟು ಜನ ವಾಪಸ್ ಬರಲಿಲ್ಲ. ಬಂದ ಹೊಸಬರು ಬೇರೆ ತರಹದವರು. ಅಂಜನಪ್ಪ ಅನ್ನುವ ಒಬ್ಬರು ಹೊಸದುರ್ಗದಿಂದ ಬರೆದರು: ಕುರಿ ಮೇಯಿಸುತ್ತಲೇ ಫೋನಿನಲ್ಲಿ ಆಟ ನೋಡುತ್ತಾರಂತೆ, ಮಳೆಯ ಭಾಗದಲ್ಲಿ ಮರಿಗಳನ್ನು ಒಳಗೂ ದೊಡ್ಡವನ್ನು ಹೊರಗೂ ನಿಲ್ಲಿಸಿದರೆ ಒಂದೂ ಸಾಯುವುದಿಲ್ಲ ಅಂತ ಹೇಳಿದ್ದರು. ಮೋನಿಕಾ ಮಾಡಿ ನೋಡಿ, ಸರಿಯಾಗಿದ್ದದ್ದಕ್ಕೆ ಅವರ ಹೆಸರು ಹೇಳಿ ವಿಡಿಯೊ ಹಾಕಿದಳು. ಈಗ ಅವಳ ಪ್ರತಿ ವಿಡಿಯೊದ ಶುರುವಿನಲ್ಲಿ ಎಷ್ಟು ತಾಸು ಆಡಿದ್ದಾಳೆ ಅನ್ನುವ ಅಂಕಿ ಬರುತ್ತದೆ. ಪೂರ್ತಿ ಆಡದಿದ್ದರೆ ತೀರ್ಪು ಇಲ್ಲ. ಗುರುರಾಜನ ಸೆಂಟರಿನಲ್ಲೂ ಮಾತಿಗೆ ಮುಂಚೆ "ಎಲ್ಲಿವರೆಗೆ ಆಡೀಯ?" ಅಂತ ಕೇಳುವ ರೂಢಿ ಬಿದ್ದಿದೆ.

ಕಳೆದ ತಿಂಗಳು ಇನ್ನೊಂದು ಹೆಸರಾಂತ ಕಾರ್ ರೇಸಿನ ಆಟದ ಮುಂದಿನ ಭಾಗ ಬಂತು. ಇದರಲ್ಲಿ ರೇಸೇ ಇಲ್ಲವಂತೆ, ಗ್ಯಾರೇಜ್ ನಡೆಸಬೇಕಂತೆ. ಬಂದ ದಿನವೇ ಬೈಗುಳ ಶುರುವಾಯಿತು. ಮೋನಿಕಾಳ ಚಾನಲ್ಲಿಗೆ ಸಾಲು ಸಾಲಾಗಿ ಕಾಮೆಂಟು ಬಂದವು: ಅಕ್ಕ, ಇದೂ ಹಾಳಾಯ್ತಾ? ಅಕ್ಕ, ಏನಂತೀರಾ?

ಅಂಗಡಿಯಲ್ಲಿ ಒಂದು ಫೋನಿನ ಹಿಂಬದಿ ಬಿಚ್ಚಿ ಕೂತಿದ್ದ ಮೋನಿಕಾ ಇಕ್ಕಳ ಕೆಳಗಿಟ್ಟು ಒಂದೇ ಸಾಲು ಬರೆದಳು: 'ಒಂಬತ್ತು ತಾಸು ಆಡೀನಿ, ಇನ್ನೂ ಎಂಟು ತಾಸು ಐತೆ, ಗುರುವಾರ ಹೇಳ್ತೀನಿ.'